ಕವಚ ತೊಟ್ಟ ಹನಿವಾ: ಜಪಾನಿನ ಈ ಮಣ್ಣಿನ ಯೋಧರು ಯಾರಿಗಾಗಿ ನಿಂತಿದ್ದರು?

ಮಣ್ಣುಮಾತು:

ಮಣ್ಣಿನ ಯೋಧರು ಅಂದ ಕೂಡಲೇ ನಮ್ಮಲ್ಲಿ ಮಾತು ನೇರ ಚೀನಾಕ್ಕೆ ಹೋಗುತ್ತದೆ. ಜಪಾನಿನಲ್ಲೂ ಅಂಥವರಿದ್ದಾರೆ. ಅವರ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಚರ್ಚೆ ಆಗಲಿ ಅಂತ ಇದನ್ನು ಶುರು ಮಾಡುತ್ತಿದ್ದೇನೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಕ್ರಿ.ಶ. 3ನೇ ಶತಮಾನದ ನಡುವಿನಿಂದ ಮುಂದೆ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಜಪಾನಿನ ದೊರೆಗಳು, ಪ್ರಾಂತ್ಯದ ಮುಖಂಡರು ತೀರಿಕೊಂಡಾಗ ಸಮಾಧಿಯ ಮೇಲೆ ಮಣ್ಣಿನ ಭಾರಿ ದಿಬ್ಬ ಎತ್ತುತ್ತಿದ್ದರು. ಇವಕ್ಕೆ ಕೊಫುನ್ ಅನ್ನುತ್ತಾರೆ. ಮೇಲಿನಿಂದ ನೋಡಿದರೆ ದೊಡ್ಡ ದಿಬ್ಬಗಳೆಲ್ಲ ಬೀಗದ ಕೈ ತೂರಿಸುವ ಕಿಂಡಿಯ ಹಾಗೆ ಕಾಣುತ್ತವೆ. ಒಂದು ಕಡೆ ದುಂಡು, ಇನ್ನೊಂದು ಕಡೆ ಅಗಲವಾಗುತ್ತಾ ಹೋಗುವ ಬಾಲ. ಒಸಾಕಾ ಪಕ್ಕದ ಸಕಾಯ್ ಊರಿನ ದಾಯ್ಸೆನ್ ಕೊಫುನ್ ಹೆಚ್ಚುಕಮ್ಮಿ ಅರ್ಧ ಕಿಲೋಮೀಟರ್ ಉದ್ದವಿದೆ. ಈ ದಿಬ್ಬಗಳ ಮೇಲೆ, ಅವುಗಳ ಸುತ್ತ, ಸಾಲಾಗಿ ನಿಲ್ಲಿಸುತ್ತಿದ್ದ ಸುಟ್ಟ ಮಣ್ಣಿನ ವಸ್ತುಗಳೇ ಹನಿವಾ. ಅದರಲ್ಲಿ ಜಾಸ್ತಿ ಇರುವುದು ಬರೀ ಕೊಳವೆಗಳು. ಉಳಿದಂತೆ ಮನೆ, ಗುರಾಣಿ, ಬತ್ತಳಿಕೆ, ಕೋಳಿ, ದೋಣಿ, ಕುದುರೆ, ಕೊನೆಗೆ ಮನುಷ್ಯರು.

ಆ ಮನುಷ್ಯರಲ್ಲಿ ಒಬ್ಬ ಯೋಧನಿದ್ದಾನೆ. ಗುನ್ಮಾ ಪ್ರಾಂತ್ಯದ ಓತಾದಲ್ಲಿ ಸಿಕ್ಕವನು. ಕಾಲ 6ನೇ ಶತಮಾನ, ಎತ್ತರ 130.5 ಸೆಂಟಿಮೀಟರ್. ಈಗ ತೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದಾನೆ. 1974ರಲ್ಲಿ ಇವನನ್ನು ರಾಷ್ಟ್ರೀಯ ನಿಧಿ ಅಂತ ಘೋಷಿಸಿದರು. ಹನಿವಾಗಳಲ್ಲಿ ಆ ಮನ್ನಣೆ ಮೊದಲು ಸಿಕ್ಕಿದ್ದು ಇವನಿಗೇ.

ಹತ್ತಿರ ನಿಂತು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಗಂಟುಗಳು. ಎದೆಯ ಮೇಲೆ ಕವಚದ ಎರಡು ಅಂಚುಗಳನ್ನು ದಾರದಿಂದ ಬಿಗಿದು ಕಟ್ಟಿದ್ದಾರೆ. ಆ ದಾರ, ಅದರ ಗಂಟು, ಇಳಿಬಿದ್ದ ತುದಿ ಎಲ್ಲವನ್ನೂ ಮಣ್ಣಿನಲ್ಲಿ ಮಾಡಿ ಅಂಟಿಸಿದ್ದಾರೆ. ತಲೆಯ ಶಿರಸ್ತ್ರಾಣದ ಮೇಲೆ ಸಾಲು ಸಾಲು ಮಣ್ಣಿನ ಚುಕ್ಕಿ. ಅವು ಕಬ್ಬಿಣದ ತಗಡು ಜೋಡಿಸುವ ರಿವೆಟ್‌ಗಳು. ಕೆನ್ನೆ ಮುಚ್ಚುವ ಪಟ್ಟಿ ಇದೆ, ತೋಳಿಗೂ ಕಾಲಿಗೂ ಕವಚ ಇದೆ. ಬಲಗೈ ಕತ್ತಿಯ ಹಿಡಿಯ ಮೇಲಿದೆ, ಎಡಗೈಯಲ್ಲಿ ಬಿಲ್ಲಿದೆ. ಎಡ ಮಣಿಕಟ್ಟಿಗೆ ದುಂಡನೆಯ ಒಂದು ಚರ್ಮದ ಪಟ್ಟಿ. ಬಿಲ್ಲಿನ ಹೆದೆ ಬಂದು ಬಡಿಯದಿರಲಿ ಅಂತ ಕಟ್ಟಿಕೊಳ್ಳುವಂಥದ್ದು. ಬೆನ್ನ ಮೇಲೆ ಬಾಣ. ಇಷ್ಟೆಲ್ಲ ಮಾಡಿದ ಕೈ ಮುಖಕ್ಕೆ ಬಂದಾಗ ಕಣ್ಣಿಗೆ ಎರಡು ಸೀಳು ಕೊಯ್ದು ಸುಮ್ಮನಾಗಿದೆ.

ಇವನ ಜೊತೆಗೆ ಅಣ್ಣತಮ್ಮಂದಿರ ಹಾಗೆ ಇನ್ನೂ ನಾಲ್ವರು ಇದ್ದಾರೆ. ಐವರೂ ಗುನ್ಮಾದವರೇ, ಒಂದೇ ಕುಂಬಾರರ ಗುಂಪು ಮಾಡಿದ್ದು ಅನ್ನುತ್ತಾರೆ. ಒಬ್ಬ ಅಮೆರಿಕದ ಸಿಯಾಟಲ್‌ನಲ್ಲಿದ್ದಾನೆ, ಉಳಿದ ಮೂವರು ಜಪಾನಿನ ಬೇರೆ ಬೇರೆ ಸಂಗ್ರಹಾಲಯಗಳಲ್ಲಿ. 2024ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ತೋಕಿಯೋದಲ್ಲಿ ನಡೆದ ಪ್ರದರ್ಶನದಲ್ಲಿ ಐವರನ್ನೂ ಮೊದಲ ಸಲ ಒಟ್ಟಿಗೆ ನಿಲ್ಲಿಸಿದ್ದರು. ನಾನಿರುವುದು ತೋಕಿಯೋ ಹತ್ತಿರವೇ, ಹಾಗಾಗಿ ನೋಡುವ ಭಾಗ್ಯ ಸಿಕ್ಕಿತು. ಇವನ ಮೇಲೆ ಉಳಿದಿದ್ದ ಬಣ್ಣದ ಕಣಗಳನ್ನು ಪರೀಕ್ಷೆ ಮಾಡಿ ಬಿಳಿ, ಕೆಂಪು, ಬೂದು ಬಣ್ಣ ಹಚ್ಚಿದ ಒಂದು ಪ್ರತಿಕೃತಿಯನ್ನೂ ಇಟ್ಟಿದ್ದರು. ಮಣ್ಣಿನ ಬಣ್ಣಕ್ಕೆ ಒಗ್ಗಿದ ಕಣ್ಣಿಗೆ ಅದು ಬೇರೆಯೇ ಮನುಷ್ಯನ ಹಾಗೆ ಕಾಣುತ್ತದೆ. ದೂರದಿಂದಲೂ ಎದ್ದು ಕಾಣಬೇಕು ಅಂತಲೇ ಬಳಿದ ಬಣ್ಣ ಅದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಯೋಧರು ಸತ್ತವನ ಸೇವೆಗೆ ಮಾಡಿದವರಲ್ಲ. ಬದುಕಿದ್ದವರು ನೋಡಲಿ ಅಂತ ಮಾಡಿದವರು. ಯಾಕೆ ಅಂದರೆ ಸಮಾಧಿಯ ಕೋಣೆ ಒಳಗಿದೆ, ಹನಿವಾ ನಿಂತಿರುವುದು ಹೊರಗೆ, ಬಯಲಿನಲ್ಲಿ. ನೀವೆಲ್ಲ ಏನು ಹೇಳುತ್ತೀರಿ?

ಮಲೆನಾಡ ಓದುಗ:

ಚೆನ್ನಾಗಿ ಶುರು ಮಾಡಿದ್ದೀರಿ. ಆದರೆ ನಾನು ಓದಿದ್ದು ಬೇರೆ. ಹಿಂದೆ ರಾಜ ಸತ್ತರೆ ಅವನ ಆಳುಗಳನ್ನೂ ಜೀವಂತ ಹೂಳುತ್ತಿದ್ದರು, ಆ ಕ್ರೂರ ಪದ್ಧತಿ ನಿಲ್ಲಿಸಿ ಮನುಷ್ಯರ ಬದಲಿಗೆ ಮಣ್ಣಿನ ಗೊಂಬೆ ಇಡೋಕೆ ಶುರು ಮಾಡಿದರು ಅಂತ. ಅದು ನಿಜವಾದರೆ ಗೊಂಬೆ ಸತ್ತವನ ಸೇವೆಗೇ ಆಯಿತು ಅಲ್ವಾ?

ಮಣ್ಣುಮಾತು:

ಓದುಗರೇ, ಇದು ಎಲ್ಲ ಕಡೆ ಸಿಗುವ ಕಥೆ. ಮೂಲ ಇರುವುದು ನಿಹೋನ್ ಶೋಕಿಯಲ್ಲಿ, ಅಂದರೆ 720ರಲ್ಲಿ ಮುಗಿದ ಜಪಾನಿನ ರಾಜವಂಶದ ಇತಿಹಾಸದಲ್ಲಿ. ಸುಯಿನಿನ್ ಎಂಬ ಚಕ್ರವರ್ತಿಯ ತಮ್ಮ ಸತ್ತಾಗ ಅವನ ಹತ್ತಿರದ ಆಳುಗಳನ್ನು ಸಮಾಧಿಯ ಸುತ್ತ ನಿಂತ ಹಾಗೇ ಹೂತರಂತೆ. ಅವರು ದಿನಗಟ್ಟಲೆ ಸಾಯದೆ ಹಗಲೂ ರಾತ್ರಿ ಅತ್ತರಂತೆ. ಕೊನೆಗೆ ನಾಯಿ, ಕಾಗೆ ಬಂದು ತಿಂದವಂತೆ. ಚಕ್ರವರ್ತಿಗೆ ಅದನ್ನು ಕೇಳಿ ತಡೆಯಲಾಗಲಿಲ್ಲ. ಮುಂದೆ ರಾಣಿ ತೀರಿಕೊಂಡಾಗ ನೋಮಿ ನೋ ಸುಕುನೆ ಎಂಬುವನು ಇಜುಮೊ ಸೀಮೆಯಿಂದ 100 ಜನ ಕುಂಬಾರರನ್ನು ಕರೆಸಿ, ಮನುಷ್ಯರ, ಕುದುರೆಗಳ ಮಣ್ಣಿನ ಆಕೃತಿ ಮಾಡಿಸಿ, ಇನ್ನು ಮೇಲೆ ಇವನ್ನೇ ನಿಲ್ಲಿಸೋಣ ಅಂದ. ರಾಜ ಮೆಚ್ಚಿ ಅವನನ್ನು ಕುಂಬಾರರ ಮೇಲಧಿಕಾರಿ ಮಾಡಿದ. ಇದೇ ನೋಮಿ ನೋ ಸುಕುನೆಯನ್ನು ಸುಮೋ ಕುಸ್ತಿಯ ಮೂಲಪುರುಷ ಅಂತಲೂ ಪೂಜಿಸುತ್ತಾರೆ.

ಕಥೆ ಮನಸ್ಸಿಗೆ ನಾಟುತ್ತದೆ, ನಿಜ. ಆದರೆ ನೆಲ ಅಗೆದಾಗ ಸಿಕ್ಕಿದ್ದು ಬೇರೆ. ಮೊದಲ ಹನಿವಾಗಳು ಮನುಷ್ಯರೇ ಅಲ್ಲ. ಈಗಿನ ಓಕಾಯಾಮಾ ಸುತ್ತಮುತ್ತ ಹಿಂದೆ ಕಿಬಿ ಅಂತ ಒಂದು ಸೀಮೆ ಇತ್ತು. ಅಲ್ಲಿ ಶವಸಂಸ್ಕಾರದ ಹೊತ್ತಿಗೆ ಮಡಕೆ ಇಡಲು ಎತ್ತರದ ಮಣ್ಣಿನ ಪೀಠ ಬಳಸುತ್ತಿದ್ದರು. ಆ ಪೀಠವೇ 3ನೇ ಶತಮಾನದಲ್ಲಿ ಕೊಳವೆ ಹನಿವಾ ಆಯಿತು. 4ನೇ ಶತಮಾನದಲ್ಲಿ ಮನೆ, ಗುರಾಣಿ, ಬತ್ತಳಿಕೆ ಬಂದವು. ಮನುಷ್ಯರು ಮತ್ತು ಕುದುರೆಗಳು ಸಾಲಾಗಿ ನಿಲ್ಲತೊಡಗಿದ್ದು 5ನೇ ಶತಮಾನದಲ್ಲಿ. ಮನುಷ್ಯರ ಬದಲಿಗೆ ಅಂತಲೇ ಹನಿವಾ ಹುಟ್ಟಿದ್ದರೆ ಮೊದಲ ನೂರು ವರ್ಷಕ್ಕೂ ಹೆಚ್ಚು ಕಾಲ ಮನುಷ್ಯನ ಆಕೃತಿಯೇ ಯಾಕಿಲ್ಲ?

ಇನ್ನೊಂದು ವಿಷಯ. ಈ ಕಥೆಯಿಂದ ಲಾಭ ಯಾರಿಗೆ ಅಂತಲೂ ನೋಡಬೇಕು. ನೋಮಿ ನೋ ಸುಕುನೆ ತಮ್ಮ ಮೂಲಪುರುಷ ಅಂತ ಹೇಳಿಕೊಳ್ಳುತ್ತಿದ್ದ ಹಾಜಿ ಎಂಬ ವಂಶ ಅರಸರ ಅಂತ್ಯಕ್ರಿಯೆಯ ಕೆಲಸ ನೋಡಿಕೊಳ್ಳುತ್ತಿತ್ತು. ಆ ಕೆಲಸ ನಮ್ಮ ಮನೆತನಕ್ಕೆ ಬಂದದ್ದು ಹೀಗೆ ಅಂತ ತೋರಿಸುವ ಕಥೆ ಇದು.

ಕಲ್ಲುಬರಹ:

ಸರ್, ಒಂದು ಆಕ್ಷೇಪ. ಚೀನಾದ ವೇಯ್ ರಾಜ್ಯದ ಇತಿಹಾಸದಲ್ಲಿ ಜಪಾನಿನ ಬಗ್ಗೆ ಒಂದು ಭಾಗ ಇದೆ. 3ನೇ ಶತಮಾನದ್ದು. ಹಿಮಿಕೊ ಎಂಬ ರಾಣಿ ಸತ್ತಾಗ ದೊಡ್ಡ ದಿಬ್ಬ ಎತ್ತಿದರು, ನೂರಕ್ಕೂ ಹೆಚ್ಚು ಆಳುಗಳು ಅವಳ ಜೊತೆ ಸತ್ತರು ಅಂತ ಅದರಲ್ಲಿ ಬರೆದಿದೆ. ಅದು ಹಾಜಿ ವಂಶದವರು ಕಟ್ಟಿದ ಕಥೆಯಲ್ಲ. ಹೊರಗಿನವರು, ಅದೇ ಕಾಲದಲ್ಲಿ ಬರೆದದ್ದು. ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. 646ರಲ್ಲಿ ಹೊರಟ ರಾಜಾಜ್ಞೆಯಲ್ಲೂ ಒಡೆಯನ ಜೊತೆ ಸಾಯುವುದನ್ನು, ಸಾಯಿಸುವುದನ್ನು ನಿಷೇಧಿಸಿದ್ದಾರೆ. ಇಲ್ಲದ ಪದ್ಧತಿಯನ್ನು ಯಾರಾದರೂ ನಿಷೇಧ ಮಾಡುತ್ತಾರಾ?

ಮಣ್ಣುಮಾತು:

ಒಳ್ಳೆಯ ಪ್ರಶ್ನೆ. ಜೊತೆಗೆ ಸಾಯುವ ಪದ್ಧತಿ ಇರಲೇ ಇಲ್ಲ ಅಂತ ನಾನು ಹೇಳುವುದಿಲ್ಲ. ನಿಮ್ಮ ಎರಡನೇ ಸಾಕ್ಷಿಯನ್ನೇ ತೆಗೆದುಕೊಳ್ಳಿ. 646ರಲ್ಲೂ ನಿಷೇಧ ಮಾಡಬೇಕಾಗಿತ್ತು ಅಂದರೆ, ಹನಿವಾ ಬಂದು ಮುನ್ನೂರೈವತ್ತು ವರ್ಷವಾದ ಮೇಲೂ ಅದು ನಿಂತಿರಲಿಲ್ಲ ಅಂತ ಆಯಿತು. ಆಗ ಹನಿವಾದಿಂದ ಆ ಕ್ರೂರ ಪದ್ಧತಿ ನಿಂತಿತು ಅನ್ನುವ ಮಾತು ತಾನೇ ಬಿದ್ದುಹೋಗುತ್ತದೆ. ನಿಹೋನ್ ಶೋಕಿ ಹೇಳುವ ಹಾಗೆ ದಿಬ್ಬದ ಸುತ್ತ ಸಾಲಾಗಿ ನಿಲ್ಲಿಸಿ ಹೂತ ಅಸ್ಥಿಗಳು ಆ ಕಾಲದ ಕೊಫುನ್‌ಗಳಲ್ಲಿ ಸಿಕ್ಕಿಲ್ಲ. ಎರಡೂ ಬೇರೆ ಬೇರೆ ವಿಷಯ ಅನ್ನುವುದಷ್ಟೇ ನನ್ನ ವಾದ.

ಅಂದ ಹಾಗೆ ನೀವು ಹೇಳಿದ ಅದೇ ಚೀನೀ ಬರಹದಲ್ಲಿ ಇನ್ನೊಂದು ಸಂಗತಿ ಇದೆ. ಕೆಳಗಿನವರು ಮೇಲಿನವರ ಹತ್ತಿರ ಮಾತಾಡುವಾಗ ಕುಕ್ಕರುಗಾಲಲ್ಲಿ ಕೂರುತ್ತಾರೆ ಇಲ್ಲವೇ ಮೊಣಕಾಲೂರುತ್ತಾರೆ, ಎರಡೂ ಕೈ ನೆಲಕ್ಕೆ ಊರುತ್ತಾರೆ ಅಂತ. ಓತಾದ ಕಡೆಯ ಹನಿವಾಗಳಲ್ಲಿ ಹಾಗೇ ಮೊಣಕಾಲೂರಿ, ಕೈ ನೆಲಕ್ಕೂರಿ ಮುಂದಕ್ಕೆ ಬಾಗಿದ ಗಂಡಸರಿದ್ದಾರೆ. ಮುನ್ನೂರು ವರ್ಷದ ನಂತರವೂ ಅದೇ ಭಂಗಿ! ಯೋಧನನ್ನು ಒಬ್ಬನನ್ನೇ ನೋಡದೆ ಇವರ ಪಕ್ಕದಲ್ಲಿಟ್ಟು ನೋಡಬೇಕು. ಯಾರು ನಿಲ್ಲುತ್ತಾರೆ, ಯಾರು ಪೀಠದ ಮೇಲೆ ಕೂರುತ್ತಾರೆ, ಯಾರು ನೆಲಕ್ಕೆ ಬಾಗುತ್ತಾರೆ ಅನ್ನುವುದರಲ್ಲಿ ಆ ಸಮಾಜ ಪೂರ್ತಿ ಇದೆ.

ತಿಗರಿ:

ನಮ್ಮದು ಕುಂಬಾರರ ಮನೆ. ಅಪ್ಪ ಈಗಲೂ ಆವಿಗೆ ಹಚ್ಚುತ್ತಾರೆ. ಅದಕ್ಕೇ ಕೈಕೆಲಸದ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ನಾಲ್ಕು ಅಡಿಗೂ ಮಿಕ್ಕಿದ ಆಕೃತಿಯನ್ನು ಗಟ್ಟಿಯಾಗಿ ಮಾಡಿ ಸುಡಲು ಸಾಧ್ಯವೇ ಇಲ್ಲ. ಮಣ್ಣು ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ನೀರು ಇರುತ್ತದೆ. ಬೆಂಕಿ ಏರಿದಾಗ ಆ ನೀರು ಆವಿಯಾಗಿ ಹೊರಗೆ ದಾರಿ ಸಿಗದಿದ್ದರೆ ಸಿಡಿದುಹೋಗುತ್ತದೆ. ಹಾಗಾಗಿ ಒಳಗೆ ಟೊಳ್ಳಿರಲೇಬೇಕು, ಗೋಡೆ ಎಲ್ಲ ಕಡೆ ಆದಷ್ಟು ಒಂದೇ ದಪ್ಪ ಇರಬೇಕು. ನೀವು ಹಾಕಿದ ಚಿತ್ರಗಳಲ್ಲಿ ಕೆಳಗಿನ ಕೊಳವೆಯಲ್ಲಿ ದುಂಡು ತೂತುಗಳಿವೆ, ಕಣ್ಣು ಬಾಯಿ ಪೂರ್ತಿ ಆರಪಾರ ಕೊಯ್ದಿದ್ದಾರೆ. ನೋಡುವವರಿಗೆ ಅದು ಮುಖಭಾವ. ನನಗೆ ಮೊದಲು ಕಂಡದ್ದು ಬಿಸಿಗಾಳಿ ಓಡಾಡೋಕೆ ಬಿಟ್ಟ ದಾರಿ. ಎರಡೂ ಇರಬಹುದು.

ಇದು ತಿಗರಿಯ ಮೇಲೆ ಎತ್ತಿದ್ದಲ್ಲ ಅಂತ ನೋಡಿದರೇ ಗೊತ್ತಾಗುತ್ತದೆ. ಮಣ್ಣನ್ನು ಹುರಿ ಮಾಡಿ ಸುತ್ತು ಸುತ್ತಾಗಿ ಪೇರಿಸಿದ್ದಾರೆ. ಇಷ್ಟು ಎತ್ತರದ್ದನ್ನು ಒಂದೇ ಉಸಿರಿಗೆ ಏರಿಸಿದರೆ ಮೇಲಿನ ಭಾರಕ್ಕೆ ಕೆಳಗಿನದು ಕುಸಿಯುತ್ತದೆ. ಒಂದಷ್ಟು ಎತ್ತರ ಮಾಡಿ, ಅದು ಕೊಂಚ ಬಿಗಿಯಾಗುವವರೆಗೆ ಬಿಟ್ಟು, ಆಮೇಲೆ ಮುಂದಿನದು ಏರಿಸಬೇಕು. ಆ ಬಿಗಿತ ಜಾಸ್ತಿಯಾದರೆ ಹೊಸ ಮಣ್ಣು ಹಳೆಯದಕ್ಕೆ ಹಿಡಿಯುವುದಿಲ್ಲ, ಬೆಸುಗೆಯಲ್ಲೇ ಬಿರುಕು ಬಿಡುತ್ತದೆ. ಹದ ಗೊತ್ತಿರುವ ಕೈ ಬೇಕು. ಮೇಲಿಂದ ಅಂಟಿಸಿದ ಆ ಸಣ್ಣ ಗಂಟುಗಳು, ಚುಕ್ಕಿಗಳು ಸುಟ್ಟ ಮೇಲೂ ಉದುರದೆ 1,400 ವರ್ಷ ನಿಂತಿವೆ ಅಂದರೆ ಮಾಡಿದವರು ಮಣ್ಣಿನ ಜೊತೆಗೇ ಬೆಳೆದವರು. ಯೋಧನಿಗೆ ಸಿಕ್ಕ ಹೊಗಳಿಕೆಯಲ್ಲಿ ಅರ್ಧ ಅವರಿಗೂ ಸೇರಬೇಕು.

ಮೈಮೇಲೆ ಬಾಚಣಿಗೆ ಎಳೆದ ಹಾಗೆ ಸಣ್ಣ ಗೆರೆಗಳು ಕಾಣುತ್ತವಲ್ಲ, ಅದೇನು?

ಮಣ್ಣುಮಾತು:

ತಿಗರಿ ಮೇಡಂ, ನಿಮ್ಮ ಬರಹ ಓದಿ ತುಂಬ ಖುಷಿಯಾಯಿತು. ಪುಸ್ತಕ ಓದಿದವರಿಗೆ ಇದು ಕಾಣುವುದಿಲ್ಲ.

ಆ ಗೆರೆಗಳು ಮರದ ಹಲಗೆಯ ಅಂಚಿನವು. ಹಸಿ ಮಣ್ಣಿನ ಮೈಯನ್ನು ಹಲಗೆಯ ತುಂಡಿನಿಂದ ಸವರಿ ಸಮ ಮಾಡುತ್ತಿದ್ದರು. ಮರದ ಎಳೆಗಳಲ್ಲಿ ಮೆತ್ತಗಿನ ಭಾಗ ಬೇಗ ಸವೆದು ಗಟ್ಟಿ ಭಾಗ ಉಳಿಯುತ್ತದೆ. ಅದರಿಂದ ಪ್ರತಿ ಹಲಗೆಯ ಗೆರೆಯೂ ಬೇರೆ. ಎರಡು ಊರಿನ ಹನಿವಾಗಳಲ್ಲಿ ಅದೇ ಗೆರೆ ಸಿಕ್ಕಿದರೆ ಅದೇ ಹಲಗೆ ಬಳಸಿದ್ದಾರೆ, ಅಂದರೆ ಅದೇ ಕುಂಬಾರರು ಅಂತ ಹಿಡಿಯುತ್ತಾರೆ. ಹೆಸರಿಲ್ಲದ ಕೆಲಸಗಾರರನ್ನು ಗುರುತು ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಸುಡುವ ವಿಧಾನವೂ ಬದಲಾಗಿದೆ. ಮೊದಮೊದಲು ಬಯಲಲ್ಲೇ ಸುಡುತ್ತಿದ್ದರು, ಮೈಮೇಲೆ ಕಪ್ಪು ಕಲೆ ಬೀಳುತ್ತಿತ್ತು. 5ನೇ ಶತಮಾನದಲ್ಲಿ ಕೊರಿಯಾದಿಂದ ಇಳಿಜಾರಿನಲ್ಲಿ ಸುರಂಗದ ಹಾಗೆ ಕೊರೆದು ಮಾಡುವ ಗೂಡು ಬಂತು. ಒಸಾಕಾ ಪ್ರಾಂತ್ಯದ ತಕಾತ್ಸುಕಿಯಲ್ಲಿ ಶಿನ್‌ಇಕೆ ಎಂಬ ಜಾಗದಲ್ಲಿ ಅಂಥ 18 ಗೂಡು, 3 ದೊಡ್ಡ ಕಾರ್ಯಾಗಾರ ಸಿಕ್ಕಿವೆ. ಕುಂಬಾರರು ವಾಸವಿದ್ದ ಮನೆಗಳ ಕುರುಹೂ ಅಲ್ಲೇ ಇದೆ. ಅರಸನ ದಿಬ್ಬಕ್ಕೆ ಬೇಕಾದದ್ದೆಲ್ಲ ಅಲ್ಲಿಂದ ಹೋಗುತ್ತಿತ್ತು.

ಪಾಠದ ಮೇಷ್ಟ್ರು:

ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವವನು. ಮಕ್ಕಳಿಗೆ ಚೀನಾದ ಶಿಆನ್‌ನ ಮಣ್ಣಿನ ಸೈನ್ಯದ ಚಿತ್ರ ತೋರಿಸುತ್ತೇನೆ. ಅದನ್ನು ನೋಡಿಯೇ ಜಪಾನಿನವರು ಕಲಿತರು ಅನ್ನಬಹುದೇ?

ಮಣ್ಣುಮಾತು:

ಮೇಷ್ಟ್ರೇ, ಹಾಗೆ ಅನ್ನಲಾಗದು. ಆ ಸೈನ್ಯ ಮಾಡಿಸಿದ ಚಿನ್ ಚಕ್ರವರ್ತಿ ಸತ್ತದ್ದು ಕ್ರಿ.ಪೂ. 210ರಲ್ಲಿ. ಓತಾದ ಯೋಧನಿಗೂ ಅವರಿಗೂ ಏಳುನೂರು ವರ್ಷಕ್ಕಿಂತ ಜಾಸ್ತಿ ಅಂತರ. ಅಷ್ಟು ಹೊತ್ತಿಗೆ ಆ ಸೈನ್ಯ ಮಣ್ಣಿನಡಿ ಮುಚ್ಚಿಹೋಗಿತ್ತು, 1974ರಲ್ಲಿ ರೈತರು ಬಾವಿ ತೋಡುವವರೆಗೆ ಅಲ್ಲಿ ಹೀಗೊಂದು ಸೈನ್ಯ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಆದರೆ ಪಕ್ಕಪಕ್ಕ ಇಟ್ಟು ಪಾಠ ಮಾಡಿದರೆ ಮಕ್ಕಳಿಗೆ ತುಂಬ ಉಪಯೋಗ. ಶಿಆನ್‌ನಲ್ಲಿ ಸುಮಾರು 8,000 ಸೈನಿಕರು, ಆಳೆತ್ತರದವರು, ಗುಂಡಿಯೊಳಗೆ. ಮೇಲೆ ಮರದ ತೊಲೆ ಹಾಸಿ ಮಣ್ಣು ಮುಚ್ಚಿದ್ದರು. ಒಮ್ಮೆ ಮುಚ್ಚಿದ ಮೇಲೆ ಯಾರೂ ನೋಡುವ ಹಾಗಿಲ್ಲ. ಸತ್ತ ಚಕ್ರವರ್ತಿಗೆ ಸತ್ತ ಮೇಲೂ ಸೈನ್ಯ ಬೇಕಿತ್ತು, ಅಷ್ಟೇ. ಹನಿವಾ ಯೋಧನ ಕಥೆ ಪೂರ್ತಿ ತಿರುವುಮುರುವು. ಅವನ ಕಾಲ ಕೆಳಗಿನ ಕೊಳವೆಯ ಒಂದಷ್ಟು ಭಾಗ ಮಾತ್ರ ನೆಲದೊಳಗೆ. ಉಳಿದದ್ದೆಲ್ಲ ಮಳೆ, ಬಿಸಿಲು, ಜನರ ಕಣ್ಣಿಗೆ. ಸಾವಿರಾರು ಸೈನಿಕರ ಪಡೆಯೂ ಇಲ್ಲ. ಅವನ ಅಕ್ಕಪಕ್ಕ ಇರುವವರು ಬಟ್ಟಲು ಹಿಡಿದ ಹೆಂಗಸು, ವಾದ್ಯ ನುಡಿಸುವವನು, ಗಿಡುಗ ಹಿಡಿದವನು, ಕುಸ್ತಿಪಟು, ತಡಿ ಹಾಕಿ ಸಿಂಗರಿಸಿದ ಕುದುರೆ. ಗುನ್ಮಾದ ಹೊದೊತಾ ಹಚಿಮಾನ್‌ಜುಕಾ ಕೊಫುನ್‌ನಲ್ಲಂತೂ ಕೊಕ್ಕಲ್ಲಿ ಮೀನು ಕಚ್ಚಿದ ನೀರುಕಾಗೆ ಇದೆ, ಕಾಡುಹಂದಿ ಬೇಟೆ ಇದೆ. ಒಬ್ಬ ಮುಖಂಡನ ಒಡ್ಡೋಲಗ, ಅವನ ಬೇಟೆ, ಅವನ ಊಟ, ಅವನ ಕುದುರೆ. ಇಷ್ಟು ನನ್ನ ಹತ್ತಿರ ಇತ್ತು, ಈಗ ನನ್ನ ಮಗನ ಹತ್ತಿರ ಇದೆ ಅಂತ ಊರಿಗೆ ತೋರಿಸಿದ ಹಾಗೆ.

ಕೃಷ್ಣಾ ತೀರ:

ನಾನು ಕೇಳಬೇಕೆಂದಿದ್ದು: ಆ ಕವಚ ನಿಜವಾಗಿ ಯಾರಾದರೂ ತೊಟ್ಟುಕೊಳ್ಳುತ್ತಿದ್ದರಾ ಅಥವಾ ಬರೀ ಕಲ್ಪನೆಯಾ? ಒಬ್ಬ ಕುಂಬಾರನಿಗೆ ಕಬ್ಬಿಣದ ಕವಚದ ಒಳವಿವರ ಗೊತ್ತಿರಲು ಹೇಗೆ ಸಾಧ್ಯ?

ಮಣ್ಣುಮಾತು:

ಇದಕ್ಕೆ ಸಿಕ್ಕಿರುವ ಉತ್ತರ ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಗುನ್ಮಾದಲ್ಲೇ ಶಿಬುಕಾವಾ ಎಂಬ ಊರಿದೆ. ಪಕ್ಕದಲ್ಲಿ ಹರುನಾ ಎಂಬ ಜ್ವಾಲಾಮುಖಿ ಬೆಟ್ಟ. 6ನೇ ಶತಮಾನದ ಶುರುವಿನಲ್ಲಿ ಅದು ಸಿಡಿದು, ಕುದಿಯುವ ಬೂದಿ ಇಳಿಜಾರಿನಲ್ಲಿ ಹರಿದು ಬಂತು. 2012ರಲ್ಲಿ ರಸ್ತೆ ಕೆಲಸಕ್ಕೆ ಮೊದಲು ಕನಾಯ್ ಹಿಗಾಶಿಉರಾ ಎಂಬ ಜಾಗದಲ್ಲಿ ಅಗೆದಾಗ ಆ ಬೂದಿಯ ಕೆಳಗೆ ಒಬ್ಬ ಗಂಡಸಿನ ಅಸ್ಥಿ ಸಿಕ್ಕಿತು. ಅವನು ಕಬ್ಬಿಣದ ಕವಚ ತೊಟ್ಟಿದ್ದ. ಮೊಣಕಾಲೂರಿ, ಬೆಟ್ಟದ ಕಡೆಗೆ ಮುಖ ಮಾಡಿ, ಮುಂದಕ್ಕೆ ಬಿದ್ದಿದ್ದ. ಶಿರಸ್ತ್ರಾಣವೂ ಅಲ್ಲೇ ಇತ್ತು. ಅದಕ್ಕೂ ಮೊದಲು ಆ ಕಾಲದ ಕವಚಗಳು ಸಮಾಧಿಯೊಳಗೆ ಇಟ್ಟ ವಸ್ತುಗಳಾಗಿ ಮಾತ್ರ ಸಿಕ್ಕಿದ್ದವು. ಮೈಮೇಲೆ ತೊಟ್ಟ ಮನುಷ್ಯ ಸಿಕ್ಕಿದ್ದು ಅದೇ ಮೊದಲು.

ಅವನು ತೊಟ್ಟಿದ್ದು ಓತಾದ ಹನಿವಾ ತೊಟ್ಟ ಬಗೆಯ ಕವಚವನ್ನೇ. ಜಪಾನಿ ಭಾಷೆಯಲ್ಲಿ ಅದಕ್ಕೆ ಕೇಕೊ ಅನ್ನುತ್ತಾರೆ. ನೂರಾರು ಪುಟ್ಟ ಕಬ್ಬಿಣದ ಪಟ್ಟಿಗಳಿಗೆ ತೂತು ಹಾಕಿ, ದಾರ ಪೋಣಿಸಿ, ಒಂದರ ಮೇಲೊಂದು ಬರುವಂತೆ ಕಟ್ಟುವುದು. ಹಿಂದಿನ ಕವಚಗಳು ದೊಡ್ಡ ತಗಡುಗಳವು, ಬಗ್ಗಲು ಕಷ್ಟ. ಇದು ಮೈ ಜೊತೆ ಬಾಗುತ್ತದೆ, ಕುದುರೆ ಸವಾರಿಗೆ ಸರಿಹೋಗುತ್ತದೆ. ಈ ವಿದ್ಯೆ ಬಂದದ್ದು ಕೊರಿಯಾದ ಕಡೆಯಿಂದ. ಜಪಾನಿಗೆ ಕುದುರೆ ಸಾಕುವುದು ಬಂದದ್ದೂ ಆ ಕಡೆಯಿಂದಲೇ. ಕವಚಕ್ಕೆ ಬೇಕಾದ ಕಬ್ಬಿಣವೂ ಬಹುಕಾಲ ಅಲ್ಲಿಂದಲೇ ಬರುತ್ತಿತ್ತು. ಅದೇ ಕನಾಯ್‌ನಲ್ಲಿ ಜಿಂಕೆಯ ಕೊಂಬಿನಿಂದ ಮಾಡಿದ ಕವಚದ ಪಟ್ಟಿಗಳೂ ಸಿಕ್ಕಿವೆ. ಅದೇ ಸೀಮೆಯಲ್ಲಿ ಬೂದಿಯ ಕೆಳಗೆ ಕುದುರೆ ಗೊರಸಿನ ಗುರುತುಗಳಿರುವ ಬಯಲುಗಳೂ ಸಿಕ್ಕಿವೆ.

ಅಲ್ಲಿಗೆ ಆ ಸೀಮೆ ಎಂಥದ್ದು ಅಂತ ಗೊತ್ತಾಗುತ್ತದೆ. ಕುದುರೆ ಸಾಕುವ ನಾಡು, ಸಮುದ್ರದಾಚೆಯ ಹೊಸ ವಿದ್ಯೆ ಬಂದಿಳಿದ ನಾಡು. ಅಲ್ಲಿನ ಮುಖಂಡರ ಹತ್ತಿರ ಮಾತ್ರ ಇಂಥ ಕವಚ ಇತ್ತು. ಕುಂಬಾರ ಅದನ್ನು ಕಣ್ಣಾರೆ ಕಂಡಿದ್ದಾನೆ. ಎಷ್ಟು ದಾರ, ಎಲ್ಲಿ ಗಂಟು ಅಂತ ನೋಡಿ ಮಾಡಿದ್ದಾನೆ. ಮುಖಕ್ಕೆ ಎರಡು ಸೀಳು ಸಾಕಾಯಿತು, ಕವಚಕ್ಕೆ ಮಾತ್ರ ಒಂದು ಗಂಟೂ ಬಿಡಲಿಲ್ಲ. ಯಾಕೆ? ತೋರಿಸಬೇಕಾಗಿದ್ದದ್ದು ಕವಚವನ್ನೇ. ಇವನ ಹತ್ತಿರ ಇದು ಇದೆ, ನಿಮ್ಮ ಹತ್ತಿರ ಇಲ್ಲ ಅಂತ.

ಮಲೆನಾಡ ಓದುಗ:

ಬೆಟ್ಟ ಸಿಡಿಯುತ್ತಿದ್ದರೆ ಓಡಿಹೋಗುವುದು ಬಿಟ್ಟು ಅದರ ಕಡೆ ಮುಖ ಮಾಡಿ ಯಾಕೆ ಮೊಣಕಾಲೂರಿದ?

ಮಣ್ಣುಮಾತು:

ಬೆಟ್ಟವನ್ನು ಸಮಾಧಾನ ಮಾಡಲು ಮುಖಂಡನಾದವನು ಕವಚ ತೊಟ್ಟು ಪೂಜೆಗೆ ನಿಂತಿದ್ದ ಅಂತ ಹಲವರು ಊಹಿಸುತ್ತಾರೆ. ಹತ್ತಿರದಲ್ಲೇ ಒಬ್ಬ ಹೆಂಗಸಿನ, ಒಂದು ಮಗುವಿನ ಅಸ್ಥಿಯೂ ಸಿಕ್ಕಿದೆ. ನನಗೆ ಅವನನ್ನು ನೆನೆದರೆ ತುಂಬ ದುಃಖವಾಗುತ್ತದೆ. ಅಷ್ಟು ಕಬ್ಬಿಣ ಹೊತ್ತೂ ಏನೂ ಮಾಡಲಾಗಲಿಲ್ಲ.

ಕಲ್ಲುಬರಹ:

ನಿಮ್ಮ ವಾದದಲ್ಲಿ ಬಲ ಇದೆ. ಆದರೂ ಎಲ್ಲ ಮಣ್ಣಿನ ಯೋಧರನ್ನೂ ದೌಲತ್ತಿನ ಪ್ರದರ್ಶನ ಅಂತ ಒಂದೇ ತಕ್ಕಡಿಗೆ ಹಾಕಬಾರದು. ಗುರಾಣಿ ಹಿಡಿದ ಹನಿವಾಗಳಿವೆ. ಮನುಷ್ಯ ರೂಪದಲ್ಲಿ ಅವೇ ಎಲ್ಲಕ್ಕಿಂತ ಹಳೆಯವು ಅಂತ ಓದಿದ್ದೇನೆ. ಅವರ ಮೈಯೆಲ್ಲ ಗುರಾಣಿ, ಮೇಲೆ ದೊಡ್ಡ ಕಿವಿಯ ಒಂದು ಮುಖ. ಸಾಯ್‌ತಾಮಾ ಪ್ರಾಂತ್ಯದ ಹೊಂಜೊದಲ್ಲಿ ಸಿಕ್ಕವರಂತೂ ಬಾಯಿ ಅಗಲಿಸಿ ನಗುತ್ತಿದ್ದಾರೆ. ಇವರನ್ನು ನಿಲ್ಲಿಸುತ್ತಿದ್ದದ್ದು ದಿಬ್ಬದ ಅಂಚಿನಲ್ಲಿ, ಹೊರಗಡೆ ಮುಖ ಮಾಡಿ. ಅದು ಕಾವಲು. ಕೆಟ್ಟದ್ದು ಒಳಗೆ ಬಾರದಿರಲಿ ಅಂತ. ಆ ನಗು ಕೂಡ ಹೆದರಿಸಿ ಓಡಿಸುವ ನಗು ಇರಬೇಕು. ಸತ್ತವನನ್ನು ಕಾಯುವ ಕೆಲಸ ಅದು, ಸರ್. ನೋಡುವವರಿಗಾಗಿ ಮಾತ್ರ ಅಂತ ನೀವು ಹೇಳಿದ್ದು ಇಲ್ಲಿ ನಿಲ್ಲುವುದಿಲ್ಲ.

ಮಣ್ಣುಮಾತು:

ಗುರಾಣಿ ಹಿಡಿದವರ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಅವರ ಮೈಯಲ್ಲಿ ಕವಚದ ವಿವರ ಏನೂ ಇಲ್ಲ, ಅವರ ಕೆಲಸ ಬೇರೆ. ಆದರೆ ಕಾವಲು ಅನ್ನುವುದೂ ಹೊರಗೆ ನಿಂತವರಿಗೆ ಹೇಳುವ ಮಾತೇ ತಾನೇ? ಇದರಾಚೆ ಬರಬೇಡಿ ಅಂತ. ಕವಚದವರು ನಿಂತಿದ್ದು ಮುಖಂಡನ ಒಡ್ಡೋಲಗದ ಸಾಲಿನಲ್ಲಿ, ಅಂಚಿನ ಕಾವಲಿನಲ್ಲಲ್ಲ. ಜಾಗ ನೋಡಿದರೆ ಇಬ್ಬರ ವ್ಯತ್ಯಾಸ ತಿಳಿಯುತ್ತದೆ.

ನಮ್ಮ ಊಹೆ ಎಷ್ಟು ಸರಿ ಅಂತ ಪರೀಕ್ಷೆ ಮಾಡಲು ಒಂದು ಬರಹದ ಸಾಕ್ಷಿಯೂ ಇದೆ. ಅದು ಮಣ್ಣಿನ ಆಕೃತಿಗಳ ಬಗ್ಗೆ ಅಲ್ಲ, ಕಲ್ಲಿನ ಆಕೃತಿಗಳ ಬಗ್ಗೆ. ಆದರೆ ಅದೇ ಕಾಲ, ಅದೇ ಪದ್ಧತಿ.

ಕ್ಯೂಶೂ ದ್ವೀಪದಲ್ಲಿ ಇವಾಯ್ ಎಂಬ ಬಲಶಾಲಿ ದೊರೆ ಇದ್ದ. ಕ್ರಿ.ಶ. 527ರಲ್ಲಿ, ಜಪಾನಿನ ನಡುನಾಡಿನಿಂದ ಆಳುತ್ತಿದ್ದ ಯಾಮಾತೊ ಅರಸರ ವಿರುದ್ಧ ಬಂಡೆದ್ದ. ಅವನದು ಅಂತ ಹೇಳುವ ಇವಾತೊಯಾಮಾ ಕೊಫುನ್ ಫುಕುಒಕಾ ಪ್ರಾಂತ್ಯದ ಯಾಮೆ ಊರಿನಲ್ಲಿ ಇವತ್ತಿಗೂ ಇದೆ. ಉದ್ದ ಸುಮಾರು 135 ಮೀಟರ್. ಅಲ್ಲಿ ಮಣ್ಣಿನ ಬದಲು ಆಸೊ ಜ್ವಾಲಾಮುಖಿಯ ಕಲ್ಲಿನಲ್ಲಿ ಯೋಧರನ್ನು, ಕುದುರೆಗಳನ್ನು ಕಡೆದು ನಿಲ್ಲಿಸಿದ್ದರು. ಆ ಸೀಮೆಯ ಹಳೆಯ ಸ್ಥಳವರ್ಣನೆಯಲ್ಲಿ ಅದರ ವಿವರ ಇದೆ. ಕಲ್ಲಿನ ಜನ, ಕಲ್ಲಿನ ಗುರಾಣಿ ತಲಾ 60. ದಿಬ್ಬದ ಒಂದು ಮೂಲೆಯಲ್ಲಿ ಪ್ರತ್ಯೇಕ ಜಾಗ. ಅಲ್ಲಿ ನ್ಯಾಯ ಹೇಳುವ ಅಧಿಕಾರಿ ನಿಂತಿದ್ದಾನೆ. ಅವನ ಮುಂದೆ ಬೆತ್ತಲೆ ಮನುಷ್ಯನೊಬ್ಬ ನೆಲಕ್ಕೆ ಬಿದ್ದಿದ್ದಾನೆ. ಅವನು ಕಳ್ಳ. ಪಕ್ಕದಲ್ಲಿ ನಾಲ್ಕು ಕಲ್ಲಿನ ಹಂದಿ. ಅವು ಕದ್ದ ಮಾಲು. ಅಂದರೆ ಅಲ್ಲಿ ಕಡೆದದ್ದು ಒಂದು ವಿಚಾರಣೆಯ ದೃಶ್ಯ! ಈ ಸೀಮೆಯಲ್ಲಿ ನ್ಯಾಯ ಹೇಳುವವನು ನಾನು ಅಂತ ಇವಾಯ್ ಕಲ್ಲಿನಲ್ಲಿ ಹೇಳಿಸಿದ್ದಾನೆ. ಇವಾಯ್ ಬದುಕಿರುವಾಗಲೇ ಅದನ್ನೆಲ್ಲ ಕಟ್ಟಿಸಿದ್ದ ಅಂತಲೂ ಅದರಲ್ಲಿ ಬರೆದಿದೆ.

ಮುಂದಿನ ಭಾಗ ಇನ್ನೂ ಮುಖ್ಯ. ಯುದ್ಧದಲ್ಲಿ ಸೋತ ಇವಾಯ್ ತಪ್ಪಿಸಿಕೊಂಡ. ಅವನು ಸಿಗದ ಸಿಟ್ಟಿಗೆ ಅರಸನ ಸೈನಿಕರು ಕಲ್ಲಿನ ಜನರ ಕೈ ಮುರಿದರು, ಕಲ್ಲಿನ ಕುದುರೆಗಳ ತಲೆ ಹೊಡೆದರು. ಆ ಆಕೃತಿಗಳು ಏನು ಹೇಳುತ್ತಿವೆ ಅಂತ ಸೈನಿಕರಿಗೂ ಅರ್ಥವಾಗಿತ್ತು. ಸತ್ತವನ ಸೇವೆಗೆ ಇಟ್ಟ ಗೊಂಬೆಗಳ ಮೇಲೆ ಅಂಥ ಸಿಟ್ಟು ಬರುವುದಿಲ್ಲ.

ಪಾಠದ ಮೇಷ್ಟ್ರು:

ಆ ಕಡೆಯ ಅರಸ ಯಾರು? ಅವನ ಸಮಾಧಿಯಲ್ಲೂ ಇಂಥವು ಇವೆಯೇ?

ಮಣ್ಣುಮಾತು:

ಅರಸನ ಹೆಸರು ಕೇತಾಯ್, 531ರಲ್ಲಿ ತೀರಿಕೊಂಡ ಅಂತ ನಿಹೋನ್ ಶೋಕಿ ಹೇಳುತ್ತದೆ. ಅವನ ಸಮಾಧಿ ತಕಾತ್ಸುಕಿಯ ಇಮಾಶಿರೊಜುಕಾ ಕೊಫುನ್ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಉದ್ದ ಸುಮಾರು 190 ಮೀಟರ್. ಮೇಲೆ ಹೇಳಿದ ಶಿನ್‌ಇಕೆ ಗೂಡುಗಳಲ್ಲಿ ಸುಟ್ಟ ಹನಿವಾಗಳು ಬಂದದ್ದು ಇಲ್ಲಿಗೇ. ದಿಬ್ಬದ ಪಕ್ಕದ ಒಡ್ಡಿನ ಮೇಲೆ ಸುಮಾರು 65 ಮೀಟರ್ ಉದ್ದದ ಒಂದು ಜಗಲಿ. ಅದರ ಮೇಲೆ ಬೇಲಿ ಕಟ್ಟಿ ವಿಭಾಗ ಮಾಡಿ ಮನೆಗಳು, ಹೆಂಗಸರು, ಕುಸ್ತಿಪಟುಗಳು, ಗಿಡುಗದವರು, ಕವಚದ ಯೋಧರು, ಕುದುರೆಗಳು, ನೀರುಹಕ್ಕಿಗಳು ಹೀಗೆ 200ಕ್ಕೂ ಹೆಚ್ಚು ಹನಿವಾ ನಿಲ್ಲಿಸಿದ್ದರು. ಒಂದು ಮನೆ ಹನಿವಾ ಅಂತೂ ಆಳೆತ್ತರ ಇದೆ.

ಅಂದರೆ ಕಾದಾಡಿದ ಇಬ್ಬರೂ ತಮ್ಮ ದಿಬ್ಬದ ಪಕ್ಕ ಒಂದೊಂದು ಪ್ರತ್ಯೇಕ ಜಾಗ ಬಿಡಿಸಿ ತಮ್ಮ ಆಡಳಿತವನ್ನು ಆಕೃತಿಗಳಲ್ಲಿ ನಿಲ್ಲಿಸಿದ್ದರು. ಒಬ್ಬ ಮಣ್ಣಿನಲ್ಲಿ, ಇನ್ನೊಬ್ಬ ಕಲ್ಲಿನಲ್ಲಿ.

ಕೃಷ್ಣಾ ತೀರ:

ಅರಸರ ಸಮಾಧಿ ಅಗೆಯಲು ಅಲ್ಲಿ ಬಿಡುವುದಿಲ್ಲ ಅಂತ ಕೇಳಿದ್ದೆ. ಇದನ್ನು ಹೇಗೆ ಅಗೆದರು? ಹೋಗಿ ನೋಡಬಹುದಾ?

ಮಣ್ಣುಮಾತು:

ಸರಿಯಾಗಿ ಕೇಳಿದ್ದೀರಿ. ಚಕ್ರವರ್ತಿಗಳ ಸಮಾಧಿ ಅಂತ ಗುರುತಿಸಿದ ದಿಬ್ಬಗಳೆಲ್ಲ ರಾಜಮನೆತನದ ಕೆಲಸ ನೋಡುವ ಇಲಾಖೆಯ ವಶದಲ್ಲಿವೆ. ಅವು ಪೂರ್ವಜರ ಪವಿತ್ರ ಸ್ಥಳ, ಅಗೆತಕ್ಕೆ ಮುಕ್ತವಿಲ್ಲ. ಕೇತಾಯ್ ಅರಸನ ಸಮಾಧಿ ಅಂತ ಆ ಇಲಾಖೆ ಗುರುತಿಸಿರುವುದು ಪಕ್ಕದ ಇಬಾರಾಕಿ ಊರಿನ ಬೇರೊಂದು ದಿಬ್ಬವನ್ನು. ಆದರೆ ಅಲ್ಲಿನ ಹನಿವಾಗಳು 5ನೇ ಶತಮಾನದವು, ಅರಸನಿಗಿಂತ ಹಳೆಯವು. ಇಮಾಶಿರೊಜುಕಾ ಆ ಪಟ್ಟಿಯಿಂದ ಹೊರಗುಳಿದಿದ್ದರಿಂದಲೇ ಪುರಾತತ್ವದವರಿಗೆ ಅಗೆಯಲು ಸಿಕ್ಕಿತು. ಅಲ್ಲಿ ಕಂಡಷ್ಟು ಪೂರ್ತಿಯಾಗಿ ಅರಸನೊಬ್ಬನ ಹನಿವಾ ಸಾಲು ಬೇರೆಲ್ಲೂ ಕಂಡಿಲ್ಲ. ದಾಯ್ಸೆನ್ ಕೊಫುನ್‌ನಲ್ಲಿ 2018ರಲ್ಲಿ ಆ ಇಲಾಖೆ ಮತ್ತು ಸಕಾಯ್ ನಗರದವರು ಸೇರಿ ಒಡ್ಡಿನ ಒಂದು ಭಾಗ ಅಗೆದರು. ಕೊಳವೆ ಹನಿವಾಗಳ ಸಾಲು ಸಿಕ್ಕಿತು. ದಿಬ್ಬದ ಮೇಲೆ ಮಾತ್ರ ಹೋಗಲಿಲ್ಲ.

ಇಮಾಶಿರೊಜುಕಾ ಈಗ ಉದ್ಯಾನ. 2011ರಿಂದ ತೆರೆದಿದೆ. ಹನಿವಾಗಳ ಪ್ರತಿಕೃತಿಗಳನ್ನು ಅವು ಮೊದಲು ನಿಂತಿದ್ದ ಜಾಗದಲ್ಲೇ ಜೋಡಿಸಿದ್ದಾರೆ, ಮೂಲ ತುಂಡುಗಳು ಪಕ್ಕದ ಸಂಗ್ರಹಾಲಯದಲ್ಲಿವೆ. ಒಸಾಕಾ ಮತ್ತು ಕ್ಯೋತೊ ನಡುವೆ ಓಡಾಡುವವರು ತಕಾತ್ಸುಕಿಯಲ್ಲಿ ಇಳಿದು ಅರ್ಧ ದಿನದಲ್ಲಿ ನೋಡಿ ಬರಬಹುದು. ಕವಚದ ಯೋಧನನ್ನು ನೋಡಬೇಕಿದ್ದರೆ ತೋಕಿಯೋದ ಉಏನೊಗೆ ಹೋಗಬೇಕು. ಅವನನ್ನು ಸದಾ ಹೊರಗಿಟ್ಟಿರುವುದಿಲ್ಲ, ಹೋಗುವ ಮೊದಲು ವಿಚಾರಿಸಿಕೊಳ್ಳಿ. ಸಿಕ್ಕಿದರೆ ಹಿಂದೆ ಹೋಗಿ ಬೆನ್ನ ಕಡೆಯನ್ನೂ ತಪ್ಪದೆ ನೋಡಿ.

ತಿಗರಿ:

ಆ ಪ್ರತಿಕೃತಿಗಳನ್ನು ಈಗಿನ ಕುಂಬಾರರು ಹಳೆಯ ವಿಧಾನದಲ್ಲೇ ಮಾಡಿದ್ದಾರಾ ಅಂತ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಅಪ್ಪನಿಗೆ ಗಂಟುಗಳ ಚಿತ್ರ ತೋರಿಸಿದೆ. ದಾರವನ್ನು ಮೊದಲು ಹಸಿ ಹುರಿಯಾಗಿ ಎಳೆದು, ಮೈಗೆ ಗೀರು ಹಾಕಿ, ಕೆಸರು ನೀರು ಬಳಿದು ಅಂಟಿಸಿರಬೇಕು ಅಂದರು. ಈ ವಾರ ಮಾಡಿ ನೋಡುತ್ತೇವೆ.